ಪದವಿ ಪರೀಕ್ಷೆಗೊಂದು ಪಿಗ್ಮಿ ಲೆಕ್ಕ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ವರ್ಷಗಳೆಂದರೆ ಒಂದು ಬಗೆಯ ವ್ರತದ ವರ್ಷಗಳು. ದೂರದರ್ಶನಕ್ಕೆ ಬಟ್ಟೆ ಹೊದಿಸಲಾಗುತ್ತದೆ, ಊರಿನ ಪ್ರಯಾಣ ರದ್ದಾಗುತ್ತದೆ, ನೆಂಟರಿಷ್ಟರು ಫೋನು ಮಾಡಲೂ ಅಂಜುತ್ತಾರೆ. ಆ ವ್ರತ ಮುಗಿದು ಮಕ್ಕಳು ಪದವಿ ಕಾಲೇಜಿಗೆ ಸೇರಿದೊಡನೆ ತಂದೆತಾಯಿಗಳು ದೀರ್ಘವಾಗಿ ಉಸಿರುಬಿಟ್ಟು, ಇನ್ನು ಅವರ ಪಾಡಿಗೆ ಅವರು ಓದಿಕೊಳ್ಳುತ್ತಾರೆ ಎಂದು ನಿಶ್ಚಿಂತರಾಗುತ್ತಾರೆ. ನಾವೂ ಹಾಗೆಯೇ ನಿಶ್ಚಿಂತರಾಗಿದ್ದವರು. 2022ರಲ್ಲಿ ನಮ್ಮ ಮಗಳು ಹನ್ನೆರಡನೆಯ ತರಗತಿಯಲ್ಲಿ ಪ್ರತಿಶತ 88 ಅಂಕ ಪಡೆದು ವಾಣಿಜ್ಯ ಪದವಿಗೆ ಸೇರಿದಳು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ಎರಡು ವಿಷಯಗಳಲ್ಲಿ, ಎಂದರೆ ಲೆಕ್ಕಶಾಸ್ತ್ರ ಹಾಗೂ ವ್ಯವಹಾರ ಅರ್ಥಶಾಸ್ತ್ರದಲ್ಲಿ, 'ಕೆ.ಟಿ.' ಬಿದ್ದಿತ್ತು.

ಮುಂಬಯಿಯ ಓದುಗರಿಗೆ ಕೆ.ಟಿ. ಎಂದರೇನೆಂದು ವಿವರಿಸಬೇಕಾಗಿಲ್ಲ. ಪುಣೆ, ಚೆನ್ನೈ, ದಿಲ್ಲಿಗಳಲ್ಲಿರುವವರಿಗಾಗಿ ಹೇಳುವುದಾದರೆ, ಕೆಲವು ವಿಷಯಗಳಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಯನ್ನು ಮುಂದಿನ ತರಗತಿಗೆ ಹೋಗಗೊಟ್ಟು, ಉಳಿದ ವಿಷಯಗಳನ್ನು ಮತ್ತೆ ಬರೆದು ಮುಗಿಸಲು ಅವಕಾಶ ಕೊಡುವ ಏರ್ಪಾಡು ಇದು; ಪೂರ್ಣ ಹೆಸರು ಎ.ಟಿ.ಕೆ.ಟಿ. ವರ್ಷ ವ್ಯರ್ಥವಾಗುವುದಿಲ್ಲವೆಂಬುದು ಅದರ ಗುಣ. ಮುಂದಿನ ಸೆಮಿಸ್ಟರಿನ ಹೊರೆಯ ಮೇಲೆ ಹಿಂದಿನ ಸೆಮಿಸ್ಟರಿನ ಹೊರೆಯೂ ಬಂದು ಕೂರುತ್ತದೆಂಬುದು ಅದರ ದೋಷ. ಬ್ಯಾಂಕಿನವರಾದ ನಮಗೆ ಇದು ಬಾಕಿ ಬಿದ್ದ ಕಂತಿನಂತೆ ಕಂಡಿತು. ಒಂದು ಕಂತು ತಪ್ಪಿದರೆ ಮರುತಿಂಗಳು ಎರಡು ಕಂತು ಕಟ್ಟಬೇಕು. ಕೈಯಲ್ಲಿರುವ ಹಣ ಮಾತ್ರ ಅಷ್ಟೇ.

ಆ ಸಂಜೆ ನಾವು ಮಾಡಿದ್ದು ಎಲ್ಲ ತಂದೆಯರೂ ಮಾಡುವ ಕೆಲಸವನ್ನೇ. ಮೊಬೈಲನ್ನು ಬೈದೆವು, ಗೆಳತಿಯರನ್ನು ಬೈದೆವು, ಡೊಂಬಿವಲಿಯಿಂದ ದಾದರದ ತನಕ ನಿತ್ಯ ಓಡಾಡುವ ಲೋಕಲ್ ರೈಲನ್ನೂ ಬೈದೆವು. ಎರಡು ದಿನ ಮಾತಿಲ್ಲದೆ ಕಳೆದ ಬಳಿಕ ಮಗಳು ಮೆಲ್ಲನೆ ಹೇಳಿದಳು: "ಅಪ್ಪಾ, ಓದದೆ ಹೋಗಿರಲಿಲ್ಲ. ಕೊನೆಯ ಹದಿನೈದು ದಿನ ರಾತ್ರಿ ಎರಡರ ತನಕ ಓದಿದೆ, ನೀವೇ ನೋಡಿದ್ದೀರಿ. ಪುಸ್ತಕ ತೆರೆದರೆ ಎಲ್ಲವೂ ಗೊತ್ತಿತ್ತು. ಬರೆಯಲು ಕುಳಿತಾಗ ಬರಲಿಲ್ಲ."

ಆ ಮಾತು ಸುಳ್ಳಾಗಿರಲಿಲ್ಲ. ರಾತ್ರಿ ಎರಡರ ತನಕ ಉರಿದ ದೀಪವನ್ನು ನಾವೇ ಕಂಡಿದ್ದೆವು. ಅವಳ ತಾಯಿ ಎರಡು ಬಾರಿ ಚಹಾ ಮಾಡಿ ಕೊಟ್ಟಿದ್ದಳು. ಅಷ್ಟು ಶ್ರಮಪಟ್ಟೂ ಏಕೆ ಬರಲಿಲ್ಲ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮೊದಲ ತಪ್ಪು ನಮ್ಮದೇ ಆಗಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. 1990ರ ಆಸುಪಾಸಿನಲ್ಲಿ ಊರಿನಲ್ಲಿ ನಾವು ಬಿ.ಎ. ಓದಿದಾಗ ವರ್ಷಕ್ಕೊಂದೇ ಪರೀಕ್ಷೆ. ಜೂನಿನಲ್ಲಿ ಸೇರಿದವರು ಡಿಸೆಂಬರಿನ ವಾರ್ಷಿಕೋತ್ಸವದ ತನಕ ನಾಟಕ, ಕಬಡ್ಡಿ, ರಾತ್ರಿಯಿಡೀ ಯಕ್ಷಗಾನವೆಂದು ಕಳೆದು, ಜನವರಿಯಲ್ಲಿ ಎಚ್ಚೆತ್ತರೂ ಮಾರ್ಚ್-ಏಪ್ರಿಲಿನ ತನಕ ಮೂರು ತಿಂಗಳ ಕಾಲಾವಕಾಶ ದೊರೆಯುತ್ತಿತ್ತು. ಕೊನೆಗೆ ಕುಳಿತು ಓದಿದರೂ ಸಾಕು ಎಂಬ ನಂಬಿಕೆ ನಮ್ಮ ತಲೆಮಾರಿನಲ್ಲಿ ಬೇರೂರಿದ್ದು ಹೀಗೆ. ಮಗಳಿಗೂ ಅದನ್ನೇ ಹೇಳಿದ್ದೆವು: ಮೊದಲು ಕಾಲೇಜು ರೂಢಿಯಾಗಲಿ, ಆಮೇಲೆ ಓದಿದರಾಯಿತು. ಸೆಮಿಸ್ಟರಿನಲ್ಲಿ ಆ 'ಆಮೇಲೆ' ಎಂಬ ಕಾಲವೇ ಇಲ್ಲವೆಂಬುದು ನಮಗೆ ತಿಳಿದಿರಲಿಲ್ಲ.

ಮುಂಬಯಿ ವಿಶ್ವವಿದ್ಯಾನಿಲಯವು ಕ್ರೆಡಿಟ್ ಆಧಾರಿತ ಸೆಮಿಸ್ಟರ್ ಪದ್ಧತಿಯನ್ನು 2011-12ರಲ್ಲಿ ಜಾರಿಗೆ ತಂದಿತು. ಅಂದಿನಿಂದ ಅಂತಿಮ ಪರೀಕ್ಷೆಗೂ ಆಂತರಿಕ ಮೌಲ್ಯಮಾಪನಕ್ಕೂ ನಡುವಣ ಅಂಕಗಳ ಹಂಚಿಕೆ ಹಲವು ಬಾರಿ ಬದಲಾಗಿದೆ. ಒಮ್ಮೆ 60ಕ್ಕೆ 40, ಒಮ್ಮೆ 75ಕ್ಕೆ 25. ಕೆಲವು ವಿಷಯಗಳಲ್ಲಿ ಪೂರ್ತಿ 100 ಅಂಕಗಳಿಗೂ ಪರೀಕ್ಷೆ ನಡೆದದ್ದುಂಟು. 2024-25ರಿಂದ ಸಂಯೋಜಿತ ಕಾಲೇಜುಗಳಲ್ಲಿಯೂ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದು, ಎರಡೆರಡು ಕ್ರೆಡಿಟ್‌ಗಳ ಸಣ್ಣ ಸಣ್ಣ ವಿಷಯಗಳು ಹೆಚ್ಚಾಗಿವೆ. ಆದ್ದರಿಂದ ಅಕ್ಕನ ಅನುಭವ ತಮ್ಮನಿಗೆ, ನೆರೆಮನೆಯವರ ಅನುಭವ ನಮಗೆ ಹಾಗೆಯೇ ಅನ್ವಯಿಸುತ್ತದೆಂದು ತಿಳಿಯಬಾರದು. ಕಾಲೇಜು ಆ ವರ್ಷ ಹೊರಡಿಸಿದ ಸುತ್ತೋಲೆಯೇ ಪ್ರಮಾಣ. ಅದನ್ನು ಓದುವ ತಂದೆತಾಯಿಗಳು ಎಷ್ಟು ಮಂದಿಯೋ! ಬ್ಯಾಂಕಿನ ಸಾಲದ ಪತ್ರವನ್ನು ಓದದೆ ಸಹಿ ಹಾಕುವವರನ್ನು ದಿನವೂ ಕಾಣುವ ನಾವೇ ಮಗಳ ಸುತ್ತೋಲೆಯನ್ನು ಓದಿರಲಿಲ್ಲ.

ಕ್ರೆಡಿಟ್ ಎಂಬ ಪದವನ್ನು ಬಹಳ ಮಂದಿ ಅಂಕವೆಂದೇ ತಿಳಿದಿದ್ದಾರೆ. ಅದು ವಾಸ್ತವವಾಗಿ ಸಮಯದ ಅಳತೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 40 ಕ್ರೆಡಿಟ್, ಅದಕ್ಕೆ 1,200 ಗಂಟೆಗಳ ಕಲಿಕೆ. ಎಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ. ಇದರಲ್ಲಿ ತರಗತಿಯ ಪಾಠ ಸಾಮಾನ್ಯವಾಗಿ 15 ಗಂಟೆ. ಉಳಿದ 15 ಗಂಟೆಗಳನ್ನು ವಿದ್ಯಾರ್ಥಿಯು ತರಗತಿಯ ಹೊರಗೆ ಓದುವುದರಲ್ಲಿ, ಬರೆಯುವುದರಲ್ಲಿ, ಅಭ್ಯಾಸ ಮಾಡುವುದರಲ್ಲಿ ತೊಡಗಿಸುತ್ತಾನೆಂಬುದು ಪಠ್ಯಕ್ರಮ ರೂಪಿಸಿದವರ ಎಣಿಕೆ.

ಈ ಲೆಕ್ಕವನ್ನು ನಾವು ಒಂದು ಭಾನುವಾರ ಮಗಳೊಡನೆ ಕುಳಿತು ಕಾಗದದ ಮೇಲೆ ಬರೆದು ನೋಡಿದೆವು. ಒಂದು ಸೆಮಿಸ್ಟರಿಗೆ 20 ಕ್ರೆಡಿಟ್ ಎಂದು ಹಿಡಿದರೆ ಸ್ವಂತ ಓದಿನ ಪಾಲು 300 ಗಂಟೆ. ಅದನ್ನು 15 ವಾರಗಳಿಗೆ ಹಂಚಿದರೆ ದಿನಕ್ಕೆ ಮೂರು ಗಂಟೆಗೂ ತುಸು ಕಡಿಮೆ. ಅದೇ ಕೆಲಸವನ್ನು ಕೊನೆಯ 15 ದಿನಗಳಿಗೆ ಮುಂದೂಡಿದರೆ ದಿನಕ್ಕೆ 20 ಗಂಟೆ! ಅಷ್ಟೆಲ್ಲ ಯಾರು ಓದುತ್ತಾರೆ, ಅರ್ಧ ಸಾಕು ಎನ್ನುವವರಿಗೂ ಲೆಕ್ಕ ಬಿಟ್ಟಿಲ್ಲ: ಮೊದಲಿನಿಂದ ಹಂಚಿಕೊಂಡರೆ ದಿನಕ್ಕೆ ಒಂದೂವರೆ ಗಂಟೆಯ ಒಳಗೆ ಮುಗಿಯುವುದು, ಕೊನೆಗೆ ಉಳಿಸಿದರೆ ದಿನಕ್ಕೆ 10 ಗಂಟೆ ಕೇಳುತ್ತದೆ. ಮಗಳು ಆ ಕಾಗದವನ್ನು ಬಹಳ ಹೊತ್ತು ನೋಡುತ್ತಿದ್ದಳು. "ಹಾಗಾದರೆ ನಾನು ಸೋಮಾರಿಯಲ್ಲ, ತಡವಾಗಿ ಆರಂಭಿಸಿದೆ ಅಷ್ಟೆ" ಎಂದಳು. ಆ ಮಾತಿನಲ್ಲಿದ್ದ ನಿರಾಳತೆಯನ್ನು ಕೇಳಿ, ಎರಡು ದಿನ ನಾವು ಆಡಿದ್ದ ಮಾತುಗಳಿಗೆ ನಾಚಿಕೆಯಾಯಿತು.

ಇಲ್ಲಿ ಪಿಗ್ಮಿ ಠೇವಣಿಯ ನೆನಪಾಗದಿರದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಈ ಯೋಜನೆಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ದಿನಕ್ಕೆ ಎರಡಾಣೆ ಕೊಟ್ಟವನಿಗೆ ಅದು ಕೈಬಿಟ್ಟು ಹೋದದ್ದೇ ತಿಳಿಯುತ್ತಿರಲಿಲ್ಲ. 30 ದಿನಗಳಲ್ಲಿ ಮೂರು ರೂಪಾಯಿ ಹನ್ನೆರಡಾಣೆ ಕೂಡಿರುತ್ತಿತ್ತು. ತಿಂಗಳ ಕೊನೆಗೆ ಅಷ್ಟೂ ಹಣವನ್ನು ಒಟ್ಟಿಗೆ ಕೊಡು ಎಂದಿದ್ದರೆ ಕೈಮಗ್ಗದ ನೇಕಾರನಾಗಲಿ ಸಣ್ಣ ವ್ಯಾಪಾರಿಯಾಗಲಿ ಕೊಡಬಲ್ಲವನಾಗಿರಲಿಲ್ಲ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಪಿಗ್ಮಿ ಎಂಬ ಪದ ಕರಾವಳಿಯವರ ಬಾಯಲ್ಲಿ ಇನ್ನೂ ಉಳಿದಿದೆ.

ಆದರೆ ದಿನವೂ ಓದಿದರೆ ಸಾಲದು, ಹೇಗೆ ಓದಬೇಕೆಂಬುದೂ ಇದೆ. ಪುಸ್ತಕ ತೆರೆದರೆ ಗೊತ್ತಿತ್ತು, ಬರೆಯಲು ಬರಲಿಲ್ಲ ಎಂಬ ಮಗಳ ಮಾತಿನ ಗುಟ್ಟು ಅಲ್ಲಿದೆ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು 1885ರಲ್ಲಿ ನೆನಪಿನ ಕುರಿತು ಒಂದು ಗ್ರಂಥ ಪ್ರಕಟಿಸಿದನು. ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿನ ಬಳಿಕ ಎಷ್ಟು ಮರೆತೆನೆಂದು ತನ್ನ ಮೇಲೆಯೇ ಪರೀಕ್ಷೆ ನಡೆಸಿದವನು ಆತ. ಕಲಿತ ಮೊದಲ ಕೆಲವು ಗಂಟೆಗಳಲ್ಲಿಯೇ ಮರೆವು ಅತಿ ವೇಗವಾಗಿರುತ್ತದೆ, ಅನಂತರ ನಿಧಾನವಾಗುತ್ತದೆ ಎಂಬುದು ಆತ ಕಂಡ ಒಂದು ಸಂಗತಿ. ಮತ್ತೊಂದು ನಮಗೆ ಇನ್ನೂ ಉಪಯುಕ್ತವಾದುದು. ಒಂದೇ ದಿನ 68 ಬಾರಿ ಓದಿದ್ದರಿಂದ ದೊರೆತ ಫಲವು, ಮೂರು ದಿನಗಳಿಗೆ ಹಂಚಿ ಓದಿದಾಗ 38 ಬಾರಿಗೇ ದೊರೆಯಿತು. ಬಡ್ಡಿಯೆಂದರೆ ಇದಲ್ಲದೆ ಮತ್ತೇನು?

ಇನ್ನೊಂದು ಪ್ರಯೋಗ ಅಮೆರಿಕದ್ದು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳು ಕೆಲವು ಗದ್ಯಭಾಗಗಳನ್ನು ಎರಡೆರಡು ಬಾರಿ ಓದಿದರು. ಬೇರೆ ಕೆಲವನ್ನು ಒಂದು ಬಾರಿ ಓದಿ, ಎರಡನೆಯ ಸರದಿಯಲ್ಲಿ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಎರಡು ಬಾರಿ ಓದಿದ್ದೇ ಮೇಲಾಗಿತ್ತು: ಪ್ರತಿಶತ 81, ಬರೆದು ನೋಡಿದ್ದು 75. ಆದರೆ ಒಂದು ವಾರದ ಬಳಿಕ ಓದಿದ್ದು ಪ್ರತಿಶತ 42ಕ್ಕೆ ಇಳಿದಿತ್ತು, ಬರೆದು ನೋಡಿದ್ದು 56ರಲ್ಲಿ ನಿಂತಿತ್ತು. ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ನಾವು ತಿಳಿವಳಿಕೆಯೆಂದು ಭ್ರಮಿಸುತ್ತೇವೆ. ದಾರಿಯಲ್ಲಿ ಕಂಡವರ ಮುಖ ಗುರುತು ಹತ್ತಿ, ಹೆಸರು ನೆನಪಾಗದಿರುವಂತೆ.

ಇದನ್ನು ನಾವು ಪುಸ್ತಕದಿಂದ ತಿಳಿಯುವ ಮೊದಲೇ ಪೆಟ್ಟು ತಿಂದು ಕಲಿತಿದ್ದೆವು, ಆದರೆ ಕಲಿತದ್ದನ್ನು ಮರೆತಿದ್ದೆವು. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಿ.ಎ.ಐ.ಐ.ಬಿ. ಪರೀಕ್ಷೆಯ ಮೊದಲ ಭಾಗಕ್ಕೆ ಕುಳಿತಿದ್ದೆವು. ಇಂದು ಈ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಯೂ ಪಿಗ್ಮಿ ಹುಟ್ಟಿದ ಆ 1928ರಲ್ಲಿಯೇ ಸ್ಥಾಪನೆಯಾದದ್ದೆಂಬುದು ಒಂದು ಸ್ವಾರಸ್ಯ. ಇತಿಹಾಸ, ಸಾಹಿತ್ಯ ಓದಿ ಬಂದ ನಮಗೆ ಲೆಕ್ಕಶಾಸ್ತ್ರ ಹೊಸತು. ಒಂದು ವಾರ ರಜೆ ಹಾಕಿ, ಬಿಡಿಸಿದ ಲೆಕ್ಕಗಳನ್ನು ಕಥೆ ಓದಿದಂತೆ ಓದಿದೆವು. ಅಢಾವೆ ಪತ್ರಿಕೆಯ ಎರಡೂ ಬದಿ ಸಮವಾಗಿರುವುದನ್ನು ಕಂಡು, ಎಲ್ಲ ಅರ್ಥವಾಯಿತೆಂದು ಸಂತೋಷಪಟ್ಟೆವು. ಪರೀಕ್ಷೆಯಲ್ಲಿ ನಮ್ಮ ಅಢಾವೆ ಪತ್ರಿಕೆಯ ಎರಡು ಬದಿಗಳು ಒಂದನ್ನೊಂದು ನೋಡಲೂ ಒಪ್ಪಲಿಲ್ಲ, ಅನುತ್ತೀರ್ಣರಾದೆವು. ಆಗ ಶಾಖೆಯ ಹಿರಿಯ ಹೆಡ್ ಕ್ಯಾಷಿಯರರೊಬ್ಬರು, "ನೀವು ಕ್ಯಾಶನ್ನು ವರ್ಷಕ್ಕೊಮ್ಮೆ ತಾಳೆ ನೋಡುತ್ತೀರೇನು?" ಎಂದು ಕೇಳಿ, ಊಟದ ವಿರಾಮದಲ್ಲಿ ದಿನಕ್ಕೊಂದು ಲೆಕ್ಕವನ್ನು ಪುಸ್ತಕ ಮುಚ್ಚಿ ಬಿಡಿಸುವಂತೆ ಮಾಡಿದರು. ಡಬ್ಬಿಯ ಊಟ ಮುಗಿಸಿ ಕೈತೊಳೆದು ಒಂದು ಲೆಕ್ಕ, ಅಷ್ಟೇ. ಮರುಬಾರಿ ಉತ್ತೀರ್ಣರಾದೆವು, ಸಂಬಳದಲ್ಲಿ ಇನ್‌ಕ್ರಿಮೆಂಟೂ ಸಿಕ್ಕಿತು. ಮೂವತ್ತು ವರ್ಷಗಳ ಅನಂತರ ಮಗಳಿಗೆ ಹೇಳಬೇಕಾದಾಗ ಮಾತ್ರ ಅದು ನೆನಪಾಗಲಿಲ್ಲ.

ಎರಡನೆಯ ಸೆಮಿಸ್ಟರಿನಲ್ಲಿ ಅವಳು ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುವುದು ಇತರರಿಗೂ ಉಪಯೋಗವಾದೀತು. ಮೊದಲ ವಾರದಲ್ಲಿಯೇ ಪ್ರತಿ ವಿಷಯದ ಪಠ್ಯಕ್ರಮವನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ತರಿಸಿಕೊಂಡಳು. ಪ್ರಶ್ನೆಪತ್ರಿಕೆಯನ್ನು ಕೊನೆಗೆ ನೋಡುವುದು ವಾಡಿಕೆ. ಮೊದಲೇ ನೋಡಿದರೆ ಪಾಠ ಕೇಳುವಾಗಲೇ ಯಾವುದು ಪ್ರಶ್ನೆಯಾಗಬಲ್ಲದು ಎಂಬುದು ಹೊಳೆಯುತ್ತದೆ. ಘಟಕಗಳನ್ನು ವಾರಗಳಿಗೆ ಹೊಂದಿಸಿ ಒಂದು ಹಾಳೆ ಮಾಡಿ ಕಪಾಟಿನ ಬಾಗಿಲಿಗೆ ಅಂಟಿಸಿದಳು. ಸಂಜೆ ಮನೆಗೆ ಬಂದು, ಟಿಪ್ಪಣಿ ತೆರೆಯುವ ಮೊದಲು, ಅಂದಿನ ಪಾಠಗಳಲ್ಲಿ ನೆನಪಿದ್ದಷ್ಟನ್ನು ಒಂದೊಂದು ಪುಟ ಬರೆಯುವಳು. ಆಮೇಲೆ ಟಿಪ್ಪಣಿ ತೆರೆದು ಬಿಟ್ಟುಹೋದುದನ್ನು ಕೆಂಪು ಶಾಯಿಯಲ್ಲಿ ಸೇರಿಸುವಳು. ಮೊದಲ ವಾರಗಳಲ್ಲಿ ಪುಟವೆಲ್ಲ ಕೆಂಪಾಗಿರುತ್ತಿತ್ತು. ಅದನ್ನು ಕಂಡು ಅವಳಿಗೆ ಬೇಸರ, ನಮಗೆ ಗಾಬರಿ. ಆದರೆ ಆ ಕೆಂಪೇ ಓದಬೇಕಾದ ಪಟ್ಟಿಯಾಯಿತು.

ಲೋಕಲ್ ರೈಲನ್ನು ಬೈದಿದ್ದೆವಲ್ಲ, ಅದೇ ಉಪಕಾರಕ್ಕೆ ಬಂತು. ಬೆಳಗಿನ ಮಹಿಳಾ ಡಬ್ಬಿಯಲ್ಲಿ ಪುಸ್ತಕ ಬಿಡಿಸಲು ಎಡೆಯಿಲ್ಲ, ಕೈಯೆತ್ತಲೂ ಎಡೆಯಿಲ್ಲ. ನೆನಪು ಮಾಡಿಕೊಳ್ಳಲು ಎಡೆ ಬೇಕಾಗಿಲ್ಲ. ಹಿಂದಿನ ದಿನದ ಪಾಠದ ಮುಖ್ಯಾಂಶಗಳನ್ನು ಠಾಣೆಯ ತನಕ, ಅದಕ್ಕೂ ಹಿಂದಿನ ವಾರದ್ದನ್ನು ಕುರ್ಲಾದ ತನಕ ಮನಸ್ಸಿನಲ್ಲಿಯೇ ಹೇಳಿಕೊಳ್ಳುವ ರೂಢಿ ಮಾಡಿಕೊಂಡಳು. ಈ ಮಹಾನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತ ನಮ್ಮ ಹಿರಿಯರು ಇದಕ್ಕಿಂತ ಬೇರೆಯದೇನನ್ನು ಮಾಡಿದ್ದರು? ಲೋಟ ತೊಳೆಯುತ್ತಲೇ ಮಗ್ಗಿ ಹೇಳಿಕೊಂಡ ಕಥೆಗಳನ್ನು ಅವರ ಬಾಯಿಂದಲೇ ನಾವು ಕೇಳಿದ್ದೇವೆ. ಓದಲಿಕ್ಕೆಂದು ಹದಿನೈದು ದಿನ ರಜೆ ಕೊಡುವ ಮಾಲೀಕರು ಅವರಿಗೆ ಎಲ್ಲಿದ್ದರು?

ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರಗಳ ಮಾತು ಬೇರೆ. ಅವನ್ನು ಕೈಯಿಂದಲೇ ಕಲಿಯಬೇಕು. ವಾರಕ್ಕೆ ನಾಲ್ಕು ಲೆಕ್ಕಗಳಾದರೂ ಗಡಿಯಾರ ಇಟ್ಟುಕೊಂಡು ಬಿಡಿಸತಕ್ಕದ್ದು. ಮತ್ತೊಂದು ತೊಡಕನ್ನು ನಾವು ತಡವಾಗಿ ಗಮನಿಸಿದೆವು. ಈಗಿನ ಮಕ್ಕಳು ಟಿಪ್ಪಣಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡುತ್ತಾರೆ, ಸಂದೇಶಗಳನ್ನು ಬೆರಳಿನಿಂದ ಒತ್ತುತ್ತಾರೆ, ಪರೀಕ್ಷೆಯಲ್ಲಿ ಮಾತ್ರ ಎರಡೆರಡು ಗಂಟೆ ಲೇಖನಿಯಿಂದ ಬರೆಯಬೇಕು. ಕೈ ಸೋತು, ಕೊನೆಯ ಪ್ರಶ್ನೆ ಉಳಿದುಬಿಡುತ್ತದೆ. ಭಾನುವಾರಕ್ಕೊಂದು ಪೂರ್ಣ ಉತ್ತರವನ್ನು ಕೈಯಿಂದ ಬರೆದರೆ ಈ ಕಷ್ಟ ತಾನಾಗಿ ಕಳೆಯುತ್ತದೆ.

ಆಂತರಿಕ ಅಂಕಗಳನ್ನು ಹಗುರವಾಗಿ ಕಾಣುವವರೂ ಇದ್ದಾರೆ. ಪ್ರಾಜೆಕ್ಟು, ಕಿರುಪರೀಕ್ಷೆ, ಹಾಜರಿ ಎಲ್ಲವೂ ಸೆಮಿಸ್ಟರಿನ ನಡುವೆಯೇ ಮುಗಿದುಹೋಗುವಂಥವು. ತಪ್ಪಿದ ಮೇಲೆ ಅಂತಿಮ ಪರೀಕ್ಷೆಯ ಯಾವ ಶ್ರಮವೂ ಅವನ್ನು ಮರಳಿಸದು. ಪ್ರತಿಶತ 75 ಹಾಜರಿಯ ನಿಯಮವನ್ನೂ ಪರೀಕ್ಷಾ ಅರ್ಜಿಯ ಕೊನೆಯ ದಿನಾಂಕವನ್ನೂ ಆ ಕಪಾಟಿನ ಹಾಳೆಯಲ್ಲಿಯೇ ಬರೆದಿಡುವುದು ಕ್ಷೇಮ.

ಇನ್ನು ಮನೆಯವರ ಪಾಲು. ಸೆಮಿಸ್ಟರಿನ ಪಂಚಾಂಗಕ್ಕೂ ನಮ್ಮ ಪಂಚಾಂಗಕ್ಕೂ ಹೊಂದಾಣಿಕೆ ಕಡಿಮೆ. ಮೊದಲ ಸೆಮಿಸ್ಟರ್ ಮಳೆಗಾಲದಲ್ಲಿ ಆರಂಭವಾಗುತ್ತದೆ. ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬರುವುದೂ ಆಗಲೇ. ಶ್ರಾವಣದ ಪೂಜೆಗಳು, ಚೌತಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಿಬರುವುದು, ನವರಾತ್ರಿ, ಸಂಘದ ಕಾರ್ಯಕ್ರಮಗಳು ಎಲ್ಲ ಮುಗಿಯುವಷ್ಟರಲ್ಲಿ ಪರೀಕ್ಷೆ ಬಾಗಿಲಲ್ಲಿರುತ್ತದೆ. ಇವನ್ನೆಲ್ಲ ಬಿಡಿರೆಂದು ನಾವು ಹೇಳಲಾರೆವು. ಹೊರನಾಡಿನ ಮಕ್ಕಳಿಗೆ ಕನ್ನಡ ಉಳಿಯುವುದು ಇಂಥ ಕಡೆಗಳಲ್ಲಿಯೇ. ಆದರೆ ಕೊನೆಗೆ ಓದುವ ಮನೆಯಲ್ಲಿ ಪ್ರತಿ ಹಬ್ಬವೂ ಓದಿನ ಶತ್ರುವಾಗುತ್ತದೆ. ಹೋದರೆ ಅಳುಕು, ಹೋಗದಿದ್ದರೆ ಸಿಡುಕು. ಮೊದಲಿನಿಂದ ಓದುವ ಮನೆಯಲ್ಲಿ ಮೂರು ದಿನ ಊರಿಗೆ ಹೋಗಿ ಬಂದರೂ ಮೂರು ದಿನದ ಬಾಕಿ ಮಾತ್ರ, ಮುಂದಿನ ಎರಡು ವಾರಗಳಲ್ಲಿ ಅದು ತೀರುತ್ತದೆ.

ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರಗಳಲ್ಲಿ ಓದಲು ಮೂಲೆ ಸಿಗುವುದೇ ಕಷ್ಟವೆಂಬುದನ್ನು ನಾವು ಬಲ್ಲೆವು. ನಮ್ಮ ಮನೆಯಲ್ಲಿ ಸಂಜೆ ಎಂಟರಿಂದ ಒಂಬತ್ತೂವರೆಯ ತನಕ ಟಿ.ವಿ. ನಿಲ್ಲಿಸಿದೆವು. ಅತ್ಯಂತ ದೊಡ್ಡ ತ್ಯಾಗ ಮಗಳ ಅಜ್ಜಿಯದು. ಎರಡು ಧಾರಾವಾಹಿಗಳನ್ನು ಮರುದಿನ ಮಧ್ಯಾಹ್ನದ ಮರುಪ್ರಸಾರದಲ್ಲಿ ನೋಡಲು ಒಪ್ಪಿದರು. ಅಜ್ಜಿಗೆ ಮತ್ತೊಂದು ಕೆಲಸವೂ ಬಂತು. ಅರ್ಥಶಾಸ್ತ್ರದ ಪಾಠವನ್ನು ಮಗಳು ಅವರಿಗೆ ಕನ್ನಡದಲ್ಲಿ ಹೇಳುವಳು. ಬೇಡಿಕೆ ಹೆಚ್ಚಿದರೆ ಬೆಲೆ ಏಕೆ ಏರುತ್ತದೆಂದು ವಿವರಿಸುವಾಗ ಅಜ್ಜಿ, "ಚೌತಿಯ ಹಿಂದಿನ ದಿನ ಮಾಟುಂಗಾದ ಮಾರುಕಟ್ಟೆಯಲ್ಲಿ ಹೂವಿಗೆ ಆಗುವ ಹಾಗೆಯೇ?" ಎಂದರು. ಆ ಉದಾಹರಣೆಯನ್ನೇ ಅವಳು ಉತ್ತರಪತ್ರಿಕೆಯಲ್ಲಿ ಬರೆದಳಂತೆ. ಇನ್ನೊಬ್ಬರಿಗೆ, ಅದೂ ಬೇರೆ ಭಾಷೆಯಲ್ಲಿ, ಹೇಳಬಲ್ಲೆವಾದರೆ ವಿಷಯ ನಿಜವಾಗಿ ನಮ್ಮದಾಗಿದೆ ಎಂದರ್ಥ. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ಓದು ಬಾಕಿಯಿದೆ.

ಪರೀಕ್ಷೆಗೆ ಮುನ್ನ ಕೊಡುವ ಓದಿನ ರಜೆ ಇದರಿಂದ ನಿಷ್ಪ್ರಯೋಜಕವಾಗುವುದಿಲ್ಲ. ಹೊಸತನ್ನು ಓದುವ ಬದಲು, ಆ ಕೆಂಪು ಶಾಯಿಯ ಪುಟಗಳನ್ನು ತಿರುವಲು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಪೂರ್ಣ ಅವಧಿಯಲ್ಲಿ ಬರೆದು ನೋಡಲು ಅದು ಒದಗುತ್ತದೆ. ಆ ಬಾರಿ ರಾತ್ರಿ ಹನ್ನೊಂದಕ್ಕೆ ದೀಪ ಆರುತ್ತಿತ್ತು. ಅಭ್ಯಾಸಬಲದಿಂದ ಅವಳ ತಾಯಿ ಒಮ್ಮೆ ಹನ್ನೆರಡಕ್ಕೆ ಚಹಾ ಮಾಡಲು ಎದ್ದು, ಕತ್ತಲೆ ಕಂಡು ಹಿಂದಿರುಗಿದಳು.

ಅರ್ಥಶಾಸ್ತ್ರದ ಕೆ.ಟಿ. ಮೊದಲ ಪ್ರಯತ್ನದಲ್ಲಿಯೇ ಕಳೆಯಿತು. ಲೆಕ್ಕಶಾಸ್ತ್ರದ್ದು ಮತ್ತೊಂದು ಬಾರಿ ಕಾಡಿ, ಅನಂತರ ಬಿಟ್ಟಿತು. 2025ರಲ್ಲಿ ಅವಳು ಪದವಿ ಮುಗಿಸಿದಳು. ಈಗ ಅವಳ ತಮ್ಮನ ಸರದಿ. ಕಪಾಟಿನ ಬಾಗಿಲಿನ ಹಳೆಯ ಹಾಳೆಯನ್ನು ಅಕ್ಕನೇ ಕಿತ್ತು, ಹೊಸ ಪಠ್ಯಕ್ರಮದ ಹಾಳೆಯನ್ನು ಅಂಟಿಸಿದ್ದಾಳೆ. ಕಾಲೇಜಿನ ಸುತ್ತೋಲೆಯನ್ನು ಈ ಬಾರಿ ಮೊದಲು ಓದಿದವರು ನಾವು.